ಪರಮಾನಂದನ ಡ್ರಾಪ್ ಟೆಸ್ಟು

“ಇದು ಬಕೀಟಿನ ಹಿಡಿಕಿ. ಬಕೀಟ ಎಲ್ಲೈತಿ ಅಂತ ಕೇಳ್ರಿ ಪರಮಾನಂದಣ್ಣ, ಕೇಳ್ರಿ!”

ಚನ್ನಕ್ಕ ಬಾಗಿಲಲ್ಲೇ ನಿಂತು ತಂತಿಯ ಹಿಡಿಕೆಯೊಂದನ್ನು ಪರಮಾನಂದನ ಮೂಗಿನ ಮುಂದೆ ಆಡಿಸಿದಳು. ಅವಳ ಸೀರೆ ಮೊಣಕಾಲಿನವರೆಗೂ ಒದ್ದೆಯಾಗಿತ್ತು.

“ಎಲ್ಲೈತಿ?” ಎಂದ ಪರಮಾನಂದ. ಕೇಳಬಾರದಿತ್ತು.

“ಸಂಪಿನ್ಯಾಗ! ತುಂಬಿದ ನೀರಿನ ಸಮೇತ ತಳಕ್ಕ ಹೋಗಿ ಕುಂತೈತಿ. ‘ಚನ್ನಕ್ಕ, ಗಟ್ಟಿ ಮಾಲು, ನಿಮ್ಮ ಮಮ್ಮಕ್ಕಳ ಕಾಲಕ್ಕೂ ಬರ್ತೈತಿ’ ಅಂದ್ರಿ. ಮಮ್ಮಕ್ಕಳು ಹಾಳಾಗ್ಲಿ, ನನ್ನ ಮಗಳಿಗೆ ಇನ್ನ ಗಂಡ ಸಿಕ್ಕಿಲ್ಲ, ಬಕೀಟು ಸತ್ತ ಹೋತು!”

ಬೊಮ್ಮಸಂದ್ರದ ಕಾರ್ಖಾನೆಗಳ ಬೆನ್ನಿಗಿರುವ ಗೋಪಾಲಪ್ಪನವರ ವಠಾರದಲ್ಲಿ ಕೆಳಗೊಂದು ಸಾಲು ಮನೆ, ಮೇಲೊಂದು ಸಾಲು ಮನೆ. ಬಾಡಿಗೆಗೆ ಇದ್ದವರೆಲ್ಲ ಹೆಚ್ಚುಕಡಿಮೆ ವಿಜಯಪುರ, ಕಲಬುರಗಿ, ರಾಯಚೂರಿನ ಕಡೆಯವರು. ಅವರ ಪೈಕಿ ಯಾರು ಏನು ಕೊಂಡು ತಂದರೂ, ಅದು ಮಗ್ಗಾಗಲಿ ಮಣೆಯಾಗಲಿ, ಮೊದಲು ಮೇಲಿನ ಸಾಲಿನ ಮೂಲೆ ಮನೆಯ ಪರಮಾನಂದನಿಗೆ ತೋರಿಸುತ್ತಿದ್ದರು. ಅವನು ಅದನ್ನು ಬೆರಳಿನ ಗಂಟಿನಿಂದ ಬಡಿಯುತ್ತಿದ್ದ. ಕಿವಿಗೆ ಹಿಡಿಯುತ್ತಿದ್ದ. ಮೂಸುತ್ತಿದ್ದ. ಆಮೇಲೆ ಕಣ್ಣು ಮುಚ್ಚಿ “ಪಾಸ್” ಎನ್ನುತ್ತಿದ್ದ, ಇಲ್ಲವೇ “ರಿಜೆಕ್ಟ್” ಎನ್ನುತ್ತಿದ್ದ. ರಿಜೆಕ್ಟ್ ಆದದ್ದು ಅಂಗಡಿಗೆ ವಾಪಸಾಗುತ್ತಿತ್ತು.

ಈ ಅಧಿಕಾರ ಅವನಿಗೆ ಬಂದದ್ದು ಕಾರ್ಖಾನೆಯ ಕ್ವಾಲಿಟಿ ಸೆಕ್ಷನ್ನಿನಿಂದ. ಅಲ್ಲಿ ಅವನ ಕೆಲಸ ಪಾಸಾದ ಮಾಲಿನ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುವುದು. ಅದನ್ನೇನೂ ಅವನು ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ.

“ಟೆಸ್ಟ್ ಸರಿ ಇತ್ತು ಚನ್ನಕ್ಕ. ಅಂಗಡ್ಯಾವ ಮಾಲ್ ಬದಲ್ ಮಾಡ್ಯಾನ.”

“ನೀವು ಬಡದ ಬಕೀಟಾ ಇದು! ಬಡದೂ ಬಡದೂ ನೀವಾ ಸೀಳಿರ್ಬೇಕು!”

ಒಳಗಿನಿಂದ ಹೆಂಡತಿ ಮಹಾನಂದಾ ಬಂದಳು. ಕೈಯಲ್ಲಿ ಕಬ್ಬಿಣದ ಕುಟ್ಟಾಣಿಯ ಹಾರೆ. ಮಹಾನಂದಾಳಿಗೆ ಸಿಟ್ಟು ಬಂದರೆ ಮಾತಿನಲ್ಲಿ ಮರ್ಯಾದೆ ಹೆಚ್ಚುತ್ತದೆ ಎಂಬುದು ವಠಾರಕ್ಕೆಲ್ಲ ಗೊತ್ತು.

“ಬಕೀಟಿನ ಮಾತು ಆಮ್ಯಾಲೆ ಆಡ್ರಿ ಯಜಮಾನ್ರ. ನನ್ನ ಮಿಕ್ಸಿ ಯಾವಾಗ ತರ್ತೀರಿ, ಅಷ್ಟ ಅಪ್ಪಣಿ ಕೊಡ್ರಿ.”

ಈ ಮಿಕ್ಸಿಯ ವಿಷಯ ಹೇಳಲೇಬೇಕು. ಮಹಾನಂದಾ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಿದ್ದಳು. ಅವಳ ಚಟ್ನಿಪುಡಿಯನ್ನು ಯಾರದೋ ಡಬ್ಬಿಯಿಂದ ತಿಂದು ನೋಡಿದ, ಪೀಜಿ ನಡೆಸುವ ನಲ್ಲಪ್ಪ, ತನ್ನಲ್ಲಿರುವ ಹುಡುಗರಿಗೆಲ್ಲ ವಾರವಾರ ಬೇಕು ಎಂದಿದ್ದ. “ಮೊದಲನೇ ಲೋಡು ಭಾನುವಾರ ಸಂಜೆ ನನ್ ಕೈಲಿರ್ಬೇಕಮ್ಮ. ಇಲ್ಲಾಂದ್ರೆ ಪ್ಯಾಕೆಟ್ಟಿನೋನಿಗೆ ಕೊಡ್ತೀನಿ, ಅವನು ದಿನಾ ಬಂದು ಬಾಗ್ಲಲ್ಲಿ ನಿಂತವ್ನೆ” ಎಂದಿದ್ದ. ಅಷ್ಟೊಂದು ಶೇಂಗಾವನ್ನು ಕುಟ್ಟಾಣಿಯಲ್ಲಿ ಕುಟ್ಟುವುದು ಆಗದ ಮಾತು. ಆಗುವ ಮಾತಾದರೂ ಕೆಳಗಿನ ಮನೆಯ ಓನರಮ್ಮ ಭದ್ರಮ್ಮ ಬಿಡುವವಳಲ್ಲ. ಮೇಲೆ ಎರಡು ಏಟು ಬಿದ್ದರೆ ಕೆಳಗಿನಿಂದ “ಯಾರಮ್ಮೀ ಅದು, ಮನೆ ಕೆಡವ್ತಿದ್ದೀರಾ?” ಎಂದು ಪೊರಕೆಯ ತುದಿಯಿಂದ ಸೂರಿಗೆ ಕುಟ್ಟುತ್ತಿದ್ದಳು.

ದುಡ್ಡಿತ್ತು. ಮಹಾನಂದಾ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಕೂಡಿಟ್ಟಿದ್ದಳು, ಒಂದು ಸಾದಾ ಮಿಕ್ಸಿಗೆ ಆಗುವಷ್ಟು. ಇಲ್ಲದೆ ಇದ್ದದ್ದು ಪರಮಾನಂದನ ಒಪ್ಪಿಗೆ. ಪೇಪರಿನಲ್ಲಿ ಮಿಕ್ಸಿಯ ಜಾಹೀರಾತು ಬಂದರೆ ಅವನು ಆ ಚಿತ್ರವನ್ನೇ ಬೆರಳಿನಿಂದ ಬಡಿದು “ರಿಜೆಕ್ಟ್” ಅನ್ನುತ್ತಿದ್ದ.

“ಕಡಿಮಿ ರೇಟಿನ ಮಾಲಿಗೆ ಜಾಸ್ತಿ ಟೆಸ್ಟ್ ಬೇಕಾಗ್ತೈತಿ” ಎಂದ ಪರಮಾನಂದ. “ಇವತ್ತ ಆ ಅಂಗಡ್ಯಾವನ್ನ ವಿಚಾರಸ್ತೀನಿ. ಬಕೀಟೂ ನೋಡ್ತೀನಿ, ಮಿಕ್ಸೀನೂ ನೋಡ್ತೀನಿ.”

ಡ್ಯೂಟಿಯಿಂದ ಬಂದ ವೇಷದಲ್ಲೇ ಹೊರಟ. ಮೈಮೇಲೆ ಕಂಪನಿಯ ನೀಲಿ ಕೋಟು, ಕೊರಳಲ್ಲಿ ಫೋಟೋ ಇರುವ ಕಾರ್ಡು, ಜೇಬಿನಲ್ಲಿ ಅಳತೆಯ ಟೇಪು.

ನಂದೀಶನ ಅಂಗಡಿ ಮುಖ್ಯರಸ್ತೆಯಲ್ಲಿತ್ತು. ಬಕೆಟ್ಟು, ಕುರ್ಚಿ, ಕುಕ್ಕರು, ಮಿಕ್ಸಿ, ಪೊರಕೆ, ಎಲ್ಲವೂ ಮೇಲಿನಿಂದ ಜೋತಾಡುತ್ತ ಒಳಗೆ ಬಂದವರ ತಲೆಗೆ ತಾಗುತ್ತಿದ್ದವು. ಅಂಗಡಿಯ ಮಹಡಿಯ ಮೇಲೆ ನಂದೀಶನ ಸಂಸಾರ. ವಠಾರದವರು ಅವನ ಖಾಯಂ ಗಿರಾಕಿಗಳಾದರೂ, ಶಿಫ್ಟಿನ ಮನುಷ್ಯ ಪರಮಾನಂದನ ಮುಖವನ್ನು ಅವನು ಕಂಡಿರಲಿಲ್ಲ.

“ಬ್ಯಾಚ್ ನಂಬರ್ ಎಲ್ಲೈತಿ?” ಎಂದ ಪರಮಾನಂದ, ಒಂದು ಬಕೆಟ್ಟನ್ನು ತಲೆಕೆಳಗು ಮಾಡಿ.

ನಂದೀಶ ಅವನ ನೀಲಿ ಕೋಟನ್ನು, ಕೊರಳ ಕಾರ್ಡನ್ನು ನೋಡಿದ. ಬಕೆಟ್ಟು ಕೊಳ್ಳಲು ಬಂದವರು ಬೇರೆ ಬಣ್ಣ ಕೇಳುತ್ತಾರೆ. ಮಗ್ಗು ಫ್ರೀ ಕೊಡಿ ಅನ್ನುತ್ತಾರೆ. ಎಲ್ಲಕ್ಕಿಂತ ಮೊದಲು ಬೆಲೆ ಕೇಳುತ್ತಾರೆ, ಕೇಳಿ ಹೌಹಾರುತ್ತಾರೆ. ಈ ಮನುಷ್ಯ ಬೆಲೆಯನ್ನೇ ಕೇಳಲಿಲ್ಲ. ಬೆಲೆ ಕೇಳದವನು ಗಿರಾಕಿಯಾಗಿರಲು ಸಾಧ್ಯವೇ ಇಲ್ಲ.

“ಸಾರ್, ತಾವು ಎಲ್ಲಿಂದ...”

“ಡ್ಯೂಟಿಯಿಂದ ನೆಟ್ಟಗ ಇಲ್ಲಿಗೇ ಬಂದೀನಿ” ಎಂದ ಪರಮಾನಂದ ಟೇಪು ಎಳೆದು ಬಕೆಟ್ಟಿನ ಎತ್ತರ ಅಳೆದ. ಯಾಕೆ ಅಳೆದ ಎಂದರೆ ಅವನಿಗೂ ಗೊತ್ತಿರಲಿಲ್ಲ. ಸೆಕ್ಷನ್ನಿನಲ್ಲಿ ಇಂಜಿನಿಯರು ಯಾವಾಗಲೂ ಮೊದಲು ಅಳೆಯುತ್ತಿದ್ದರು. ಅಳೆದ ಮೇಲೆ ಅವರು ಪೆಟ್ಟಿಗೆಯನ್ನು ಎತ್ತರದಿಂದ ಕೈಬಿಡುತ್ತಿದ್ದರು. ಒಮ್ಮೆ ತಳಕ್ಕೆ, ಒಮ್ಮೆ ಅಂಚಿಗೆ, ಒಮ್ಮೆ ಮೂಲೆಗೆ. ಅದಕ್ಕೆ ಡ್ರಾಪ್ ಟೆಸ್ಟು ಎಂದು ಹೆಸರು. ಪರಮಾನಂದ ಅದನ್ನು ಭಕ್ತಿಯಿಂದ ನೋಡಿದ್ದ. ಬಡಿದು ನೋಡುವುದನ್ನು ನಂಬಿ ಚನ್ನಕ್ಕನ ಮುಂದೆ ಮಾನ ಹೋಯಿತು. ಇನ್ನು ದೊಡ್ಡ ಟೆಸ್ಟೇ ಆಗಬೇಕು ಎಂದು ಅವನು ದಾರಿಯಲ್ಲೇ ತೀರ್ಮಾನಿಸಿದ್ದ.

ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬಕೆಟ್ಟನ್ನು ತಲೆಯ ಮೇಲೆತ್ತಿ ಬಿಟ್ಟ. ಅದು ತಳದಿಂದ ಬಾಯಿಯವರೆಗೆ ಸೀಳಿತು.

“ರಿಜೆಕ್ಟ್.”

“ಸಾರ್! ಸಾರ್, ಮೊದ್ಲು ಕೂತ್ಕೊಳಿ. ಟೀ ತರಿಸ್ತೀನಿ.”

“ಚಾ ಬ್ಯಾಡ. ಎದಿ ಉರಿ” ಎಂದ ಪರಮಾನಂದ, ಎರಡನೆಯ ಬಕೆಟ್ಟು ಎತ್ತಿಕೊಂಡ. ಅದೂ ಹೋಯಿತು. “ಏನ್ ಮಾಲ್ರೀ ಇದು? ಬಡವ್ರು ಬೆವರ್ ಸುರಿಸಿ ತಂದ ರೊಕ್ಕದ್ದು ಇದು ಗತಿ? ಎಷ್ಟ್ ಮಂದಿ ಮನಿ ಹಾಳ್ ಮಾಡೀರಿ? ನಾಳೆ ಬರ್ತೀನಿ. ಮಿಕ್ಸೀನೂ ನೋಡೂದೈತಿ.”

ಹೊರಟುಹೋದ. ಟೀ ಬೇಡ ಎಂದ ಅಧಿಕಾರಿಯನ್ನು ನಂದೀಶ ಜನ್ಮದಲ್ಲಿ ಮೊದಲ ಸಲ ಕಂಡದ್ದು.

ಪಕ್ಕದ ಪಾತ್ರೆ ಅಂಗಡಿಯ ಶೇಖರಪ್ಪ ಎಲ್ಲವನ್ನೂ ಬಾಗಿಲ ಮರೆಯಿಂದ ನೋಡಿದ್ದ. ಅವನೇ ಹಿಂಬಾಲಿಸಿಕೊಂಡು ಹೋಗಿ ಏದುಸಿರು ಬಿಡುತ್ತ ವಾಪಸು ಬಂದ.

“ಗೋಪಾಲಪ್ಪೋರ ವಠಾರದಲ್ಲವ್ನೆ ಗುರು. ಮೇಲ್ಗಡೆ ಮೂಲೆ ಮನೆ.”

“ಆಫೀಸರು ವಠಾರದಲ್ಲಾ?”

“ಬಾಡಿಗೆಗೆ. ಎರಡು ವರ್ಷದಿಂದ ಅವ್ನಂತೆ.”

“ಎರಡು ವರ್ಷದಿಂದ ನಮ್ಮನ್ನ ಗಮನಿಸ್ತಾ ಕೂತವ್ನಾ!” ನಂದೀಶ ಸ್ಟೂಲಿನ ಮೇಲೆ ಕುಸಿದ. “ನಮ್ಮಿಂದ ಹೋದ ಮಾಲೆಲ್ಲ ವಾಪಸ್ ಬರ್ತಿತ್ತಲ್ಲ ಮಚ್ಚಾ, ಆ ವಠಾರದಿಂದ! ನಾನು ಜನ ತಕರಾರಿನವ್ರು ಅಂದ್ಕೊಂಡಿದ್ದೆ.”

“ಹೆಂಡ್ತಿ ರೊಟ್ಟಿ, ಚಟ್ನಿಪುಡಿ ಮಾರ್ತಾಳಂತೆ.”

“ವೇಷ! ಎಲ್ಲಾ ವೇಷ!”

ಮರುದಿನ ಬೆಳಿಗ್ಗೆ ಇಬ್ಬರೂ ವಠಾರದ ಮೆಟ್ಟಿಲು ಹತ್ತಿದರು. ನಂದೀಶನ ಕೈಯಲ್ಲಿ ಎರಡು ಬಕೆಟ್ಟು, ಒಂದು ಕುರ್ಚಿ. ಶೇಖರಪ್ಪನ ಕೈಯಲ್ಲಿ ಒಂದರೊಳಗೊಂದು ಕೂರುವ ಸ್ಟೀಲಿನ ಡಬ್ಬಿಗಳು. ಮಹಾನಂದಾ ನೀರಿಗೆ ಹೋಗಿದ್ದಳು.

“ಸಾರ್, ಇವು ತಮ್ಮ ಮನೇಲಿರ್ಲಿ” ಎಂದ ನಂದೀಶ, ದನಿ ತಗ್ಗಿಸಿ.

“ಸ್ಯಾಂಪಲ್ಲೇನು?”

“ಏನಾದ್ರೂ ಅಂದ್ಕೊಳಿ ಸಾರ್.”

ಪರಮಾನಂದನ ಮುಖ ಅರಳಿತು. ಕೆಟ್ಟ ಮಾಲು ಮಾರಿದ್ದಕ್ಕೆ ನಾಚಿ, ಒಳ್ಳೆಯದನ್ನು ಪರೀಕ್ಷೆಗೆ ತಂದಿದ್ದಾರೆ! ಬೆಂಗಳೂರಿನಲ್ಲೂ ಮರ್ಯಾದಸ್ಥರಿದ್ದಾರೆ ಎಂದು ಎದೆ ತುಂಬಿ ಬಂತು. ಎದೆ ತುಂಬಿದವನು ಕುರ್ಚಿಯನ್ನು ಎತ್ತಿಕೊಂಡು ಮೊಗಸಾಲೆಯ ಅಂಚಿಗೆ ಹೋಗಿ ಕೆಳಕ್ಕೆ ಬಿಟ್ಟ.

ಕೆಳಗೆ ಅಂಗಳದಲ್ಲಿ ಓನರು ಗೋಪಾಲಪ್ಪ ಎಳೆಬಿಸಿಲಿಗೆ ಬೆನ್ನು ಕೊಟ್ಟು ಪೇಪರು ಓದುತ್ತಿದ್ದರು. ಕುರ್ಚಿ ಅವರ ಎಡಗಡೆಗೆ ಬಿದ್ದು ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು.

“ಯಾವನ್ಲಾ ಅವ್ನು! ತಲೆ ಮ್ಯಾಕೆ ಬಿದ್ರೆ ಏನ್ ಗತಿ ಅನ್ನೋ ಗ್ಯಾನ ಬ್ಯಾಡ್ವಾ? ಇಳಿ ಕೆಳಗೆ, ಇಳೀಲಾ!”

ಭದ್ರಮ್ಮ ಒಳಗಿನಿಂದ ಓಡಿಬಂದು ಗಂಡನ ಹೆಗಲು ಅದುಮಿದಳು. “ಸುಮ್ಕಿರಿ ಅಂದ್ರೆ! ಆವಯ್ಯ ದೊಡ್ಡ ಆಪೀಸರಂತೆ. ಸೇಕರಪ್ಪ ಯೋಳ್ದ. ಮಪ್ತೀಲಿ ಅವ್ನಂತೆ.”

ಗೋಪಾಲಪ್ಪ ತಲೆಯೆತ್ತಿ ನೋಡಿದರು. ಪರಮಾನಂದನನ್ನಲ್ಲ, ಅವನ ತಲೆಯ ಮೇಲೆ ಯಾವ ಆಫೀಸಿಗೂ ತಿಳಿಸದೆ ಅರ್ಧಕ್ಕೆ ಎದ್ದಿದ್ದ ತಮ್ಮ ಮೂರನೆಯ ಅಂತಸ್ತನ್ನು. ಬಾಯಿಗೆ ಬಂದ ಬೈಗುಳವನ್ನು ಕಷಾಯದಂತೆ ನುಂಗಿದರು.

“ಬೀಳ್ಸಿ ಸ್ವಾಮಿ, ಬೀಳ್ಸಿ. ನಾನೇ ಅತ್ಲಾಗೆ ಕುಂತ್ಕತೀನಿ.”

ಬಕೆಟ್ಟುಗಳು ಬಿದ್ದವು. ಸ್ಟೀಲಿನ ಡಬ್ಬಿಗಳು ಬಿದ್ದು, ಸೊಟ್ಟಗಾಗಿ, ಇನ್ನು ಈ ಜನ್ಮದಲ್ಲಿ ಒಂದರೊಳಗೊಂದು ಕೂರದ ಹಾಗಾದವು. ಪ್ರತಿ ಸಲವೂ ಮೇಲಿನಿಂದ “ರಿಜೆಕ್ಟ್!” ಎಂಬ ಕೂಗು.

ಬೀದಿಗೆ ಇಳಿದ ಮೇಲೆ ನಂದೀಶ ಶೇಖರಪ್ಪನ ಕೈ ಹಿಡಿದುಕೊಂಡ.

“ಬೇಡ ಅಂದಿದ್ರೆ ಅರ್ಥ ಆಗ್ತಿತ್ತು ಗುರು. ತಗೊಂಡು ಸುಮ್ನಾಗಿದ್ರೂ ಅರ್ಥ ಆಗ್ತಿತ್ತು. ತಗೊಂಡು, ನಮ್ಮ ಕಣ್ಣೆದುರಿಗೇ ಒಡೆದು ಹಾಕ್ತಾನೆ ಅಂದ್ರೆ ಏನಯ್ಯಾ ಅರ್ಥ?”

“ಸಾಲ್ದು ಅಂತ.”

“ಮಿಕ್ಸಿ ನೋಡಬೇಕು ಅಂದಿದ್ದ.”

“ಅಲ್ಲಿಗೆ ಬಾಯ್ಬಿಟ್ಟೇ ಹೇಳಿದಾನಲ್ಲ. ಕೊಟ್ಟು ಕಳಚ್ಕೊ.”

ಶನಿವಾರ ನಂದೀಶ ಒಂದು ಮಿಕ್ಸಿ ಹೊತ್ತು ತಂದ. ಪರಮಾನಂದ ಪೆಟ್ಟಿಗೆಯನ್ನು ಒಂದು ಸುತ್ತು ನೋಡಿ, “ಒಂದಾ ಪೀಸ?” ಎಂದ.

ನಂದೀಶ ಪೆಟ್ಟಿಗೆಯನ್ನು ಕೆಳಗಿಟ್ಟ. “ಎಷ್ಟು ಬೇಕು ಸಾರ್?”

“ಮೂರು. ತಳಕ್ಕೊಂದು, ಅಂಚಿಗೊಂದು, ಮೂಲಿಗೊಂದು. ರೂಲ್ಸ್ ಐತ್ರಿ, ನಾ ಏನ್ ಮಾಡ್ಲಿ?”

ಇಷ್ಟು ನೇರವಾಗಿ, ರೂಲ್ಸಿನ ಹೆಸರಿನಲ್ಲಿ ಕೇಳಿದವರನ್ನು ನಂದೀಶ ಕಂಡಿರಲಿಲ್ಲ. ತಳಕ್ಕೆ ಎಂದರೆ ಕೆಳಗಿನ ಗುಮಾಸ್ತರಿಗಿರಬೇಕು, ಅಂಚಿಗೆ ಎಂದರೆ ಮೇಲಿನವರಿಗಿರಬೇಕು ಎಂದು ಲೆಕ್ಕ ಹಾಕಿ, ಮೂಲೆಯಲ್ಲಿ ಕೂತ ಸಾಹೇಬರು ಯಾರೋ ಎಂದು ಯೋಚಿಸುತ್ತ, ಇನ್ನೆರಡನ್ನು ಆಟೋದಲ್ಲಿ ತಂದಿಟ್ಟು ಹಿಂದಿರುಗಿ ನೋಡದೆ ಹೋದ.

ಮಹಾನಂದಾ ಶೇಂಗಾ ಹುರಿಯುತ್ತಿದ್ದಳು. ಬಾಗಿಲಲ್ಲಿ ಮೂರು ಪೆಟ್ಟಿಗೆ ಕಂಡು ಸೌಟು ಕೈಬಿಟ್ಟಳು.

“ಒಂದ್ ಕೇಳಿದ್ರ ಮೂರ ತಂದೀರಿ? ಹುಚ್ಚು ಗಿಚ್ಚು ಹಿಡಿದೈತೇನು?” ಎಂದಳು. ಮರ್ಯಾದೆಯ ಮಟ್ಟ ಇಳಿದಿತ್ತು, ಅಂದರೆ ಅವಳಿಗೆ ಸಂತೋಷವಾಗಿತ್ತು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಪೆಟ್ಟಿಗೆಯ ಬೆನ್ನು ಸವರಿದಳು. “ಬಣ್ಣ ಚಂದ ಐತ್ರಿ.”

“ಬಣ್ಣಕ್ಕ ಮರುಳಾಗಬಾರದು” ಎಂದು ಪರಮಾನಂದ ಪೆಟ್ಟಿಗೆ ಬಿಚ್ಚಿದ. ಕಾರ್ಖಾನೆಯಲ್ಲಿ ಮಾಲನ್ನು ಪೆಟ್ಟಿಗೆಯ ಸಮೇತ, ಸುತ್ತ ಥರ್ಮಾಕೋಲ್ ತುಂಬಿ ಕೈಬಿಡುತ್ತಾರೆ. ಇದನ್ನು ಅವನು ನೋಡಿಯೇ ಇದ್ದ. ಆದರೆ ಅವನದು ಸ್ವತಂತ್ರ ಬುದ್ಧಿ. “ಪೆಟ್ಟಿಗಿ ಸಮೇತ ಒಗದ್ರ ಪೆಟ್ಟಿಗಿ ಟೆಸ್ಟ್ ಆಗ್ತೈತಿ. ನೀ ಚಟ್ನಿ ಪೆಟ್ಟಿಗ್ಯಾಗ ರುಬ್ಬತೀಯೇನು?”

ಇವನು ಏನು ಮಾಡಲಿದ್ದಾನೆ ಎಂದು ಅವಳಿಗೆ ಅರ್ಥವಾಗುವಷ್ಟರಲ್ಲಿ ಮೊದಲನೆಯದು ಅಂಗಳ ಸೇರಿತ್ತು. ಅಂಗಳದ ಆ ಕಡೆಯ ಮೂಲೆಯಲ್ಲಿ, ಗೋಡೆಗೆ ಆತು ಕೂತಿದ್ದ ಗೋಪಾಲಪ್ಪ ಪೇಪರನ್ನು ತಲೆಯ ಮೇಲೆ ಹೊದ್ದುಕೊಂಡರು.

“ಏ! ಏ, ಏನ್ ಮಾಡಾಕತ್ತೀ!”

“ಅಂಚು” ಎಂದು ಪರಮಾನಂದ ಎರಡನೆಯದನ್ನೂ ಬಿಟ್ಟ. ಅದರೊಳಗಿನ ಮೋಟಾರು ಹೊರಗೆ ಬಂದು ತುಸು ದೂರ ಉರುಳಿ ನಿಂತಿತು. ಮೂರನೆಯದನ್ನು ಎತ್ತುವಾಗ ಮಹಾನಂದಾ ಓಡಿಬಂದು ವೈರು ಹಿಡಿದು ಎಳೆದಳು. “ಬಿಡು, ನಿನ್ನ ಕೈಯಾಗ ಹುಳಾ ಬೀಳ್ಲಿ, ಬಿಡು ಅಂತೀನಿ!” ಪರಮಾನಂದ ಹೆಂಡತಿಯ ಮಾತು ಮೀರಿದವನಲ್ಲ. ಬಿಟ್ಟ. ಮಿಕ್ಸಿ ಕೆಳಗೆ ಹೋಯಿತು, ವೈರು ಕಿತ್ತು ಪ್ಲಗ್ಗು ಅವಳ ಮುಷ್ಟಿಯಲ್ಲಿ ಉಳಿಯಿತು.

ಒಲೆಯ ಮೇಲೆ ಶೇಂಗಾ ಸೀಯುವ ವಾಸನೆ ಬಂತು.

“ಮೂರೂ ರಿಜೆಕ್ಟ್” ಎಂದ ಪರಮಾನಂದ, ದುಃಖದಿಂದಲೇ. “ನೋಡು, ತಗೊಂಡಿದ್ರ ಮೋಸ ಹೋಗ್ತಿದ್ವಿ.”

ಮಹಾನಂದಾ ಪ್ಲಗ್ಗನ್ನು ನೋಡಿದಳು, ಗಂಡನನ್ನು ನೋಡಿದಳು. “ತಾವು ದೊಡ್ಡವ್ರು” ಎಂದಳು. “ತಮ್ಮ ಪಾದ ಎಲ್ಲೈತಿ ತೋರಸ್ರಿ ಸ್ವಾಮಿ, ನಮಸ್ಕಾರ ಮಾಡ್ತೀನಿ.” ಪರಮಾನಂದ ಎರಡು ಹೆಜ್ಜೆ ಹಿಂದೆ ಸರಿದ. ಆ ದಿನ ಅವನಿಗೆ ಊಟ ಸಿಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಮಹಾನಂದಾ ಮತ್ತೆ ಶೇಂಗಾ ಹುರಿದು, ಬೆಳ್ಳುಳ್ಳಿ ಸುಲಿದು, ಖಾರ, ಜೀರಿಗೆ, ಉಪ್ಪು ಅಳೆದು, ಎಲ್ಲವನ್ನೂ ದೊಡ್ಡ ಬುಟ್ಟಿಗೆ ತುಂಬಿದಳು. ಹಿಟ್ಟಿನ ಡಬ್ಬಿಯಿಂದ ದುಡ್ಡು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಬುಟ್ಟಿ ತಲೆಯ ಮೇಲಿಟ್ಟು ನಂದೀಶನ ಅಂಗಡಿಗೆ ಹೊರಟಳು. ಮಿಕ್ಸಿ ಕೊಂಡು, ಅಂಗಡಿಯಲ್ಲೇ ಸ್ವಿಚ್ಚಿಗೆ ಹಾಕಿ, ಅಲ್ಲೇ ರುಬ್ಬಿ, ಪುಡಿಯನ್ನೇ ಮನೆಗೆ ತರುವುದು, ಮಿಕ್ಸಿಯನ್ನು ಗಂಡನ ಕೈಗೆ ಸಿಗದ ಹಾಗೆ ಇಡುವುದು ಅವಳ ಯೋಜನೆ. ಚನ್ನಕ್ಕ ಜೊತೆಗೆ ಬಂದಳು. ಪರಮಾನಂದ ಹತ್ತು ಮಾರು ಹಿಂದೆ ಬಂದ.

“ಒಂದ್ ಮಿಕ್ಸಿ ಕೊಡ್ರಿ” ಎಂದಳು ಮಹಾನಂದಾ.

ನಂದೀಶ ಅವಳ ಹಿಂದಿದ್ದ ನೀಲಿ ಕೋಟನ್ನು ನೋಡಿದ. “ಸ್ಟಾಕಿಲ್ಲ ಮೇಡಂ.”

“ನಿಮ್ಮ ಬೆನ್ನ ಹಿಂದ ಅಷ್ಟೆತ್ತರ ಇಟ್ಟೀರಲ್ಲ, ಅವೇನು?”

“ಖಾಲಿ ಡಬ್ಬ.”

“ಖಾಲಿ ಡಬ್ಬ ನಾಳೆ ಮಾರಾಕ ಇಟ್ಟೀರೇನು?” ಎಂದಳು ಚನ್ನಕ್ಕ.

“ರೊಕ್ಕ ಕೊಡ್ತೀನ್ರೀ, ಉದ್ರಿ ಕೇಳಾಕ ಬಂದಿಲ್ಲ!” ಮಹಾನಂದಾ ನೋಟುಗಳನ್ನು ಗಲ್ಲೆಯ ಮೇಜಿನ ಮೇಲಿಟ್ಟಳು. ನಂದೀಶ ಹಾವು ಕಂಡಂತೆ ಎರಡೂ ಕೈ ಎತ್ತಿ ಹಿಂದಕ್ಕೆ ಹಾರಿದ.

“ಮುಟ್ಟಲ್ಲ ಮೇಡಂ, ನಾನು ಮುಟ್ಟಲ್ಲ! ಲಂಚ ಹಿಡಿಯೋರ ಥರ ನೋಟಿಗೆ ಪೌಡರ್ ಹಚ್ಚಿರ್ತೀರಿ! ಕೈ ಕೆಂಪಾದ್ರೆ ಕತೆ ಮುಗೀತು! ಮೂರು ಮಿಕ್ಸಿ ಕೊಟ್ಟಿದೀನಿ, ಇನ್ನೇನು ಅಂಗಡಿ ಬರ್ಕೊಡ್ಲಾ?”

“ಜೋಳದ ಹಿಟ್ಟದು! ಯಾವ ಪೌಡರ್ರೀ?”

ಶೇಖರಪ್ಪ ಬಂದ. ಗಲಾಟೆ ಕೇಳಿ, ಆ ಎರಡೂ ಅಂಗಡಿಗಳ ಕಟ್ಟಡದ ಮಾಲೀಕರಾದ ಗೋಪಾಲಪ್ಪನವರೂ ಬಂದು ಪರಮಾನಂದನಿಗೆ ಕೈಮುಗಿದರು. “ಬುಟ್ಬುಡಿ ಸ್ವಾಮಿ. ಬಡಪಾಯಿಗೋಳು, ಏನೋ ತಪ್ಪಾಗದೆ. ತಮ್ಮ ಆಪೀಸ್ನಲ್ಲಿ ಇಲ್ಲೀದೇನೂ ಯೋಳ್ಬ್ಯಾಡಿ. ನಮ್ಮ ಮನೆ ಮ್ಯಾಲಿಂದೂ...”

“ಯಾವ ಆಫೀಸು?” ಎಂದಳು ಮಹಾನಂದಾ.

“ಸಾಹೇಬ್ರ ಆಪೀಸು ಕಣಮ್ಮ.”

“ಯಾರ್ ಸಾಹೇಬ್ರು? ಇವ್ರಾ?” ಮಹಾನಂದಾ ಗಂಡನ ಕೋಟಿನ ತೋಳು ಹಿಡಿದು ಮುಂದಕ್ಕೆಳೆದಳು. “ಇವ್ರು ಕಂಪನ್ಯಾಗ ರಟ್ಟಿನ ಪೆಟ್ಟಿಗಿಗೆ ಟೇಪ್ ಹಚ್ತಾರ!”

“ಕ್ವಾಲಿಟಿ ಸೆಕ್ಷನ್ನಿನ್ಯಾಗ ಹಚ್ತೀನಿ” ಎಂದ ಪರಮಾನಂದ, ಮನನೊಂದು.

ಆಗ ಎದ್ದ ಗದ್ದಲಕ್ಕೆ ಎದುರಿನ ಬಸ್ ಸ್ಟಾಪಿನಲ್ಲಿದ್ದವರೂ ರಸ್ತೆ ದಾಟಿ ಬಂದರು. ಎಲ್ಲರಿಗಿಂತ ಮುಂದೆ ಗೋಪಾಲಪ್ಪನವರ ದನಿ. ಮೂರು ದಿನ ನುಂಗಿದ ಬೈಗುಳವೆಲ್ಲ ಒಟ್ಟಿಗೇ ಮೇಲೆ ಬಂದು, ಯಾವುದು ಮೊದಲು ಎಂದು ಗಂಟಲಲ್ಲೇ ತಳ್ಳಾಡುತ್ತಿತ್ತು.

“ಟೇಪಾ! ಟೇಪ್ ಅಂಟ್ಸೋ ನನ್ಮಗನಿಗೆ ನಾನು ಕೈ ಮುಗುದ್ನಾ! ನನ್ನ ಮನೇಲೇ ಇದ್ಕಂಡು ನನ್ನ ತಲೆ ಮ್ಯಾಕೆ ಮಿಕ್ಸಿ ಎತ್ತಾಕ್ದಾ! ಖಾಲಿ ಮಾಡ್ಲಾ! ಇವತ್ತೇ ಖಾಲಿ ಮಾಡು!”

“ನನ್ನ ಮೂರು ಮಿಕ್ಸಿ ಕಕ್ಕಯ್ಯ ಮೊದ್ಲು!” ಎಂದ ನಂದೀಶ, ಪರಮಾನಂದನ ಕೊರಳಪಟ್ಟಿಗೆ ಕೈ ಹಾಕಿ.

“ನನ್ನ ಡಬ್ಬ!” ಎಂದ ಶೇಖರಪ್ಪ.

“ನೀವಾ ತಂದ್ಕೊಟ್ರಿ, ಸ್ಯಾಂಪಲ್ ಅಂತ...” ಎಂದು ಪರಮಾನಂದ ತೊದಲುವಷ್ಟರಲ್ಲಿ ಚನ್ನಕ್ಕ ನಡುವೆ ನುಗ್ಗಿದಳು.

“ತಡೀರಿ. ಇಂವ ಆಫೀಸರ್ ಅಂತ ತಿಳ್ಕೊಂಡಿದ್ರಿ. ಆಫೀಸರಂತ ತಿಳದು ಮಿಕ್ಸಿ ಯಾಕ ಕೊಟ್ರಿ?”

ನಂದೀಶನ ಕೈ ಸಡಿಲವಾಯಿತು.

“ಹೇಳ್ರಲ್ಲ. ಮಂದಿ ಕೇಳಾಕತ್ತಾರ. ಯಾಕ ಕೊಟ್ರಿ?”

“ಅದು... ಸುಮ್ನೆ. ಪ್ರೀತಿಗೆ.”

“ಮಾಲು ಚಲೋ ಇದ್ದಾವ್ಗ ಆಫೀಸರ್ ಬಂದ್ರ ಯಾಕ್ರೀ ನಡುಕ ಬರ್ತೈತಿ? ನನ್ನ ಬಕೀಟ್ ಯಾಕ ಹರೀತು ಅಂತ ಈಗ ತಿಳೀತು!”

ಜನ ಗೊಳ್ಳೆಂದರು. ಅದು ನಗುವಲ್ಲ, ಸಿಟ್ಟು. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನರ ಮನೆಯಲ್ಲಿ ನಂದೀಶನ ಮುರಿದ ಬಕೆಟ್ಟೋ ಕುರ್ಚಿಯೋ ಇತ್ತು. “ನಮ್ದೂ ಹಂಗೇ ಹೋಯ್ತು ಕಣ್ರೀ”, “ಕುಕ್ಕರ್ ಸೀಟಿ ಹೊಡೆಯೋದೇ ಇಲ್ಲ ಗುರು”, “ಇವನ ಪೊರಕೆ ಗುಡಿಸೋಕಿಂತ ಜಾಸ್ತಿ ಉದುರುತ್ತೆ” ಎಂದು ಒಬ್ಬೊಬ್ಬರೂ ಒಂದೊಂದು ಹೆಜ್ಜೆ ಅಂಗಡಿಯ ಹತ್ತಿರ ಬಂದರು. ಗೋಪಾಲಪ್ಪ ಅಂಗಡಿಯ ಬಾಡಿಗೆದಾರನ ಕಡೆಯೋ ಜನರ ಕಡೆಯೋ ಎಂದು ತಿಳಿಯದೆ, ಸದ್ಯಕ್ಕೆ ಒಂದು ಸ್ಟೂಲು ಎಳೆದು ಅನುಮಾನದಿಂದ ಅದರ ಕಾಲು ಅಲ್ಲಾಡಿಸಿ ನೋಡಿ, ಕೂರದೆ ನಿಂತೇ ಇದ್ದರು.

“ಅದೆಲ್ಲ ಆಮ್ಯಾಲೆ ಬಡದಾಡ್ರಿ” ಎಂದಳು ಮಹಾನಂದಾ. ಅವಳ ಬುಟ್ಟಿ ಇನ್ನೂ ತಲೆಯ ಮೇಲೇ ಇತ್ತು. “ಹೊತ್ತು ಏರಾಕತ್ತೈತಿ. ಸಂಜೀಕ ನಲ್ಲಪ್ಪ ಬರ್ತಾನ. ನನಗ ಬಡ್ಯೂದು, ಒಗ್ಯೂದು ಏನೂ ತಿಳ್ಯಂಗಿಲ್ಲ. ಒಂದಾ ಮಾತು ಹೇಳ್ರಿ ಅಣ್ಣಾ. ನಿಮ್ಮನ್ಯಾಗ, ನಿಮ್ಮ ಹೆಣ್ತಿ ಯಾವ ಮಿಕ್ಸ್ಯಾಗ ರುಬ್ತಾರ? ಅದಾ ಕೊಡ್ರಿ. ರೊಕ್ಕ ಕೊಡ್ತೀನಿ.”

ಯಾರೂ ಈವರೆಗೆ ಕೇಳದ ಪ್ರಶ್ನೆ ಅದು.

ನಂದೀಶ ಕೆಮ್ಮಿದ. ತಿರುಗಿ, ಎದುರಿಗಿದ್ದ ಪೆಟ್ಟಿಗೆಯೊಂದರ ಮೇಲೆ ಕೈಯಿಟ್ಟ. “ಇದೇ ಮೇಡಂ. ನಮ್ಮನೇಲೂ ಇದೇ ಇರೋದು. ದೇವ್ರಾಣೆ.”

“ದೇವ್ರನ್ಯಾಕೆ ಎಳೀತೀರಿ ಮಧ್ಯಕ್ಕೆ!”

ದನಿ ಮೇಲಿನಿಂದ ಬಂತು. ಮಹಡಿಯ ಕಟಕಟೆಗೆ ಒರಗಿ ಒಬ್ಬ ಹೆಂಗಸು ನಿಂತಿದ್ದಳು, ನಂದೀಶನ ಹೆಂಡತಿ ಕೃಪಾ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಮುಖ ಕೆಂಪಗೆ ಕಾದಿತ್ತು.

“ಕೃಪಾ, ಒಳಗ್ಹೋಗು.”

“ಹೋಗಲ್ಲ. ಮದುವೆ ಆದಾಗಿಂದ ಹೋಗಿದ್ದೂ ಸಾಕು. ನಿಮ್ಮಂಗಡಿ ಕುಕ್ಕರ್ ಮುಚ್ಚಳ ಹಾರಿ ಸೂರಿಗೆ ಅಂಟ್ಕೊಂಡಾಗ್ಲೇ ಹೇಳಿದ್ದೆ, ಕೆಳಗಿಂದ ಒಂದು ಚಮಚಾನೂ ಮೇಲಕ್ಕೆ ತರಬೇಡಿ ಅಂತ. ನಮ್ಮಪ್ಪ ಕೊಡ್ಸಿದ ಮಿಕ್ಸಿ ತಂದಿದ್ದೆ, ಅದ್ರಲ್ಲೇ ರುಬ್ತಾ ಇದೀನಿ. ಅದನ್ನ ನಿಮ್ಮ ಅಂಗಡಿ ಮಾಲು ಅಂತೀರಾ? ನಮ್ಮಪ್ಪನ ಮಾನ ತೆಗೀತೀರಾ ನಾಲ್ಕು ಜನದ ಮುಂದೆ?”

ಧಡಧಡನೆ ಒಳಗೆ ಹೋದಳು. ಮೆಟ್ಟಿಲಿಳಿದು ಬರುವಾಗ ಸೊಂಟದಲ್ಲಿ ಒಂದು ಮಿಕ್ಸಿ. ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ಗುಂಡಿಯ ಮೇಲಿನ ಅಂಕಿಗಳು ಅಳಿಸಿಹೋಗಿದ್ದವು. ಅದನ್ನು ಗಲ್ಲೆಯ ಮೇಲೆ ಕುಕ್ಕಿ, ಗಂಡನ ಟೇಬಲ್ ಫ್ಯಾನಿನ ಪ್ಲಗ್ಗು ಕಿತ್ತೆಸೆದು, ಇದನ್ನು ಸಿಕ್ಕಿಸಿದಳು.

“ಬನ್ನಿ ಅಕ್ಕ. ಮಾರಲ್ಲ, ಅದು ನನ್ನ ತವರಿಂದು. ರುಬ್ಕೊಳಿ. ಎಷ್ಟು ಬೇಕೋ ಅಷ್ಟು ರುಬ್ಕೊಳಿ. ವಾರವಾರ ಬನ್ನಿ.”

ಪರಮಾನಂದ ಮೆಲ್ಲಗೆ ಮುಂದೆ ಬಂದು, ಅಭ್ಯಾಸಬಲದಿಂದ, ಆ ಮಿಕ್ಸಿಯ ಕಡೆಗೆ ಬೆರಳಿನ ಗಂಟು ಚಾಚಿದ. ಮಹಾನಂದಾ, ಚನ್ನಕ್ಕ, ಕೃಪಾ ಮೂವರೂ ಒಂದೇ ಬಾಯಿಯಲ್ಲಿ “ಮುಟ್ಟಿದ್ರೆ!” ಎಂದರು. ಅವನು ಕೈಯನ್ನು ಕೋಟಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡ.

ಮಿಕ್ಸಿ ಹೂಂಕರಿಸಿತು. ಮೊದಲ ಜಾರು, ಎರಡನೆಯದು, ಮೂರನೆಯದು. ಖಾರ, ಬೆಳ್ಳುಳ್ಳಿಯ ಘಾಟು ಎದ್ದು ಅಂಗಡಿಯ ತುಂಬ ಹಬ್ಬಿತು. ಶೇಖರಪ್ಪ ಸೀನಿದ. ಗೋಪಾಲಪ್ಪ ಬೈಯಲು ಬಾಯಿ ತೆರೆದು ಸೀನಿದರು. “ಖಾಲಿ... ಹಾಕ್ಷೀ! ಖಾಲಿ ಮಾಡ್... ಹಾಕ್ಷೀ!” ಎಂದು ಎಷ್ಟು ಸಲ ಪ್ರಯತ್ನಿಸಿದರೂ ಆ ಮಾತು ಪೂರ್ತಿಯಾಗಲಿಲ್ಲ. ಕೊನೆಗೆ ಕಣ್ಣೊರೆಸಿಕೊಳ್ಳುತ್ತ, ಬೆರಳ ತುದಿಯಲ್ಲಿ ಒಂದಿಷ್ಟು ಪುಡಿ ತೆಗೆದು ನಾಲಿಗೆಗೆ ಹಚ್ಚಿಕೊಂಡು, “ಉಪ್ಪು ಒಂಚೂರು ಕಮ್ಮಿ ಆಗದೆ” ಎಂದು ಸಿಟ್ಟಿನಿಂದಲೇ ಹೇಳಿ ಮನೆಯ ಕಡೆ ನಡೆದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬುಟ್ಟಿಯ ಶೇಂಗಾವೆಲ್ಲ ಪುಡಿಯಾಗಿ ಕವರು ಸೇರಿತ್ತು. ಪರಮಾನಂದ ಒಂದು ಖಾಲಿ ಪೆಟ್ಟಿಗೆ ಹುಡುಕಿ ಅವನ್ನು ಜೋಡಿಸಿದ. ಯಾರೂ ಅವನ ಜೊತೆ ಮಾತಾಡಲಿಲ್ಲ. ಪೆಟ್ಟಿಗೆಗೆ ಟೇಪನ್ನು ಮಾತ್ರ ಬಹಳ ಚೆನ್ನಾಗಿ ಅಂಟಿಸಿದ.

ವಠಾರಕ್ಕೆ ಹೋಗಿ, ಅಲ್ಲಿಂದ ಭದ್ರಮ್ಮ ಹೇಳಿದ ದಾರಿ ಹಿಡಿದು ನಲ್ಲಪ್ಪ ಸ್ಕೂಟರಿನಲ್ಲಿ ಅಂಗಡಿಗೇ ಬಂದ. ಕವರೊಂದನ್ನು ಬಿಡಿಸಿ ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಂಡ. ಎರಡು ಸಲ ಚಪ್ಪರಿಸಿದ.

“ಕುಟ್ಟಿದ್ದಕ್ಕಿಂತ ಇದೇ ಚೆನ್ನಾಗದೆ ಕಣಮ್ಮ. ಮುಂದಿನ ವಾರ ಇದ್ರ ಎರಡಷ್ಟು ಬೇಕು” ಎಂದು ದುಡ್ಡು ಕೊಟ್ಟ. ಮಹಾನಂದಾ ಅದನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಿ, ಮೊದಲ ಸಲ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತಳು.

ನಲ್ಲಪ್ಪ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟುತ್ತ ಗಲ್ಲೆಯ ಮೇಲಿದ್ದ ಹಳದಿ ಮಿಕ್ಸಿಯನ್ನು ನೋಡಿದ. ಹತ್ತಿರ ಹೋದ. ಬಗ್ಗಿ ನೋಡಿದ.

“ಸಕ್ಕತ್ ಗಟ್ಟಿ ಕಾಣ್ತದಲ್ರೀ ಮಾಲು. ನಮ್ಮ ಪೀಜಿಗೂ ಇಂಥದೊಂದು ಬೇಕಿತ್ತು. ಏನ್ರೀ ನಂದೀಶಪ್ಪ, ಎಷ್ಟಾಗುತ್ತೆ?”

ನಂದೀಶ ಆಚೀಚೆ ನೋಡಿದ. ಕಣ್ಣಲ್ಲಿ ಇನ್ನೂ ಖಾರದ ನೀರಿತ್ತು. ಮೆಲ್ಲಗೆ ಗಂಟಲು ಸರಿಮಾಡಿಕೊಂಡ. “ನಿಮಗೆ ಅಂತ ಹೇಳ್ಬೇಕಂದ್ರೆ ಸಾರ್...”

ಕೃಪಾ ಪ್ಲಗ್ಗು ಕಿತ್ತು, ವೈರನ್ನು ಮಿಕ್ಸಿಗೆ ಸುತ್ತಿ, ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಹತ್ತಿ ಹೋದಳು. ಮೇಲೆ ಬಾಗಿಲು ಹಾಕಿಕೊಂಡು ಚಿಲಕ ಬಿದ್ದ ಸದ್ದು ರಸ್ತೆಯವರೆಗೂ ಕೇಳಿಸಿತು.